ಪಂಪು ಬದಲಿಸುವ ಮೊದಲು ವಯರು ನೋಡಿ

ಹಳಿಯಾಳ, ಮುಂಡಗೋಡ ಕಡೆ ಭತ್ತ, ಗೋವಿನಜೋಳ, ಕಬ್ಬು. ಜೋಯಿಡಾ ಕಡೆ ಅಡಿಕೆ, ಬಾಳೆ, ಗೆಡ್ಡೆಗೆಣಸು. ಕಬ್ಬಿಗೇನೋ ಲಾರಿ, ಟ್ರ್ಯಾಕ್ಟರ್ ಬರುತ್ತವೆ. ಉಳಿದದ್ದನ್ನೆಲ್ಲ ದಾಂಡೇಲಿ ಸಂತೆಗೋ ಹುಬ್ಬಳ್ಳಿಗೋ ಹೊರುವುದು ಸಣ್ಣ ಟ್ರಕ್ಕು. ನಮ್ಮಲ್ಲಿ ನಾಲ್ಕೈದು ಮನೆಗೆ ಒಂದು ಗಾಡಿ ಇದ್ದರೆ ಸಾಕು, ಕೆಲಸ ಸಾಗುತ್ತದೆ. ಅದು ದಾರಿಯಲ್ಲಿ ನಿಂತಿತೋ, ಆ ನಾಲ್ಕೈದು ಮನೆಯವರೂ ನಿಂತಂತೆಯೇ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಸಣ್ಣ ಟ್ರಕ್ಕುಗಳಲ್ಲಿ ಪೆಟ್ರೋಲಿನವು ಹೆಚ್ಚಾಗಿವೆ. ಇವುಗಳಲ್ಲಿ ಹಳೆಯ ಕಾರ್ಬುರೇಟರ್ ಇಲ್ಲ. ಟ್ಯಾಂಕಿನೊಳಗೆ ಮುಳುಗಿಕೊಂಡಿರುವ ಕರೆಂಟಿನ ಪಂಪು ಪೆಟ್ರೋಲನ್ನು ಒತ್ತಿ ಇಂಜಿನಿಗೆ ಕಳಿಸುತ್ತದೆ. ನಮ್ಮ ಬೋರಿನ ಸಬ್‌ಮರ್ಸಿಬಲ್ ಇದ್ದ ಹಾಗೆ ಎಂದುಕೊಳ್ಳಿ. ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್ ಇರಬೇಕು. ಅದು ಇಳಿದರೆ ಖಾಲಿ ಗಾಡಿ ಹೇಗೋ ಓಡುತ್ತದೆ. ಲೋಡು ಹಾಕಿ ಏರು ಹತ್ತುವಾಗ ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ, ಕೊನೆಗೆ ನಿಂತುಬಿಡುತ್ತದೆ.

ಬೋರಿನಲ್ಲಿ ನೀರು ಕಡಿಮೆ ಬಂದರೆ ನಾವು ಏನು ಮಾಡುತ್ತೇವೆ? ಮೊದಲು ವೋಲ್ಟೇಜು ನೋಡುತ್ತೇವೆ. ಸ್ಟಾರ್ಟರ್, ಫ್ಯೂಸು, ಕೇಬಲ್ಲಿನ ಜಾಯಿಂಟು ನೋಡುತ್ತೇವೆ. ಮೋಟಾರನ್ನು ಮೇಲೆತ್ತುವುದು ಕಟ್ಟಕಡೆಗೆ. ಟ್ರಕ್ಕಿನ ಹತ್ತಿರ ಬಂದಾಗ ಇದೇ ಬುದ್ಧಿ ಎಲ್ಲಿಗೆ ಹೋಗುತ್ತದೋ! ಮೆಕ್ಯಾನಿಕ್ "ಪಂಪು ಹೋಗೇತ್ರಿ" ಅಂದ ಕೂಡಲೇ ಸಾವಿರಗಟ್ಟಲೆ ಎಣಿಸಿ ಕೊಟ್ಟುಬರುತ್ತೇವೆ. ಅಳತೆ ಮಾಡದೆ ಪಂಪು ಬದಲಿಸುವ ಈ ಪದ್ಧತಿಗೆ ನನ್ನ ವಿರೋಧವಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ನೆರೆಯವರ ಗಾಡಿ ಬಾಳೆಗೊನೆ ಹೇರಿಕೊಂಡು ಏರಿನಲ್ಲಿ ನಿಂತಿತು. ಅರ್ಧ ಗಂಟೆ ಬಿಟ್ಟು ಚಾಲೂ ಆಯಿತು, ಮತ್ತೆ ನಿಂತಿತು. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಹೊಸ ಪಂಪು ಕೂರಿಸಿಕೊಟ್ಟರು. ಮೂರು ವಾರಕ್ಕೆ ಅದೇ ರೋಗ. "ಈ ಪಂಪೂ ಡಿಫೆಕ್ಟ್ ಇರಬೇಕು" ಎಂಬ ಉತ್ತರ ಬಂತು. ಆಗ ನಾನು, ನಮ್ಮೂರಲ್ಲಿ ಪಂಪ್‌ಸೆಟ್ ವೈಂಡಿಂಗ್ ಮಾಡುವ ಹುಡುಗನನ್ನು ಕರೆದುಕೊಂಡು ಹೋಗಿ ಮೀಟರು ಹಿಡಿಸಿದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಹದಿಮೂರೂವರೆ ವೋಲ್ಟು, ಪಂಪಿನ ಹತ್ತಿರ ಹತ್ತು! ಪಂಪಿನ ಅರ್ಥ್ ವಯರನ್ನು ಚಾಸಿಗೆ ಬಿಗಿದ ಬೋಲ್ಟಿನ ಕೆಳಗೆ ಹಸಿರು ಕಿಲುಬು, ತುಕ್ಕು. ಸಾಲದ್ದಕ್ಕೆ ಯಾರೋ ಹಾಡಿನ ಡಬ್ಬಿಗೆ ಮತ್ತು ಎಲ್‌ಇಡಿ ದೀಪಕ್ಕೆ ಪಂಪಿನ ಲೈನಿನಿಂದಲೇ ಕರೆಂಟು ಎಳೆದಿದ್ದರು. ಬೋಲ್ಟು ಉಜ್ಜಿ, ಗ್ರೀಸು ಹಚ್ಚಿ ಬಿಗಿದು, ಆ ಬಾಲಂಗೋಚಿಗಳನ್ನೆಲ್ಲ ಕಿತ್ತು ಬೇರೆ ಫ್ಯೂಸಿಗೆ ಕೊಟ್ಟ ಮೇಲೆ ಗಾಡಿ ಇಂದಿಗೂ ನಿಂತಿಲ್ಲ. ಮೊದಲು ಬಿಚ್ಚಿದ ಹಳೆಯ ಪಂಪು ಚೆನ್ನಾಗಿಯೇ ಇದ್ದಿರಬೇಕು. ಕೇಳೋಣವೆಂದರೆ ಅದು ವರ್ಕ್‌ಶಾಪಿನಲ್ಲೇ ಉಳಿದಿತ್ತು.

ನಮ್ಮ ನಾಲ್ಕೂ ತಾಲೂಕುಗಳಲ್ಲಿ ಇದು ಸಹಜವೇ. ಜೋಯಿಡಾ, ದಾಂಡೇಲಿಯ ಮಳೆಗೆ ಕಬ್ಬಿಣ ತುಕ್ಕು ಹಿಡಿಯಲು ವರ್ಷ ಬೇಕಿಲ್ಲ. ಕೆಸರು ರಸ್ತೆಯಲ್ಲಿ ಓಡಿ ಬಂದ ಗಾಡಿಯ ಅಡಿಗೆ ನೀರು ಹಾಯಿಸಿ ತೊಳೆದರೆ ಕನೆಕ್ಟರಿನೊಳಗೂ ನೀರು ಹೋಗುತ್ತದೆ. ಹಳಿಯಾಳ, ಮುಂಡಗೋಡ ಕಡೆ ಹುಲ್ಲಿನ ಬಣವೆಯ ಪಕ್ಕವೇ ಗಾಡಿ ನಿಲ್ಲಿಸುವ ರೂಢಿ. ಇಲಿಗೆ ವಯರಿನ ಪ್ಲಾಸ್ಟಿಕ್ ಎಂದರೆ ಅದೇನು ರುಚಿಯೋ.

ನೋಡುವುದು ಹೇಗೆ? ಚಾವಿ ತಿರುಗಿಸಿದಾಗ, ಇಂಜಿನ್ ಚಾಲೂ ಮಾಡುವ ಮೊದಲು, ಟ್ಯಾಂಕಿನ ಹತ್ತಿರ ಎರಡು-ಮೂರು ಸೆಕೆಂಡು ಗುಂಯ್ ಎನ್ನುವ ಸದ್ದು ಬರಬೇಕು. ಬರದಿದ್ದರೆ ಫ್ಯೂಸು ನೋಡಿ. ಬಳಿಕ ರಿಲೇ, ಅದೇ ನಂಬರಿನ ರಿಲೇ ಹಾರನ್ನಿಗೋ ಇನ್ನೊಂದಕ್ಕೋ ಇದ್ದರೆ ಅದಲುಬದಲು ಮಾಡಿದರೆ ಗೊತ್ತಾಗುತ್ತದೆ. ಸದ್ದು ಬಂದೂ ಗಾಡಿ ಎಳೆಯದಿದ್ದರೆ ಮೀಟರು ಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ, ಅನೇಕ ಮೆಕ್ಯಾನಿಕರೂ ಇಲ್ಲಿಯೇ ಮೋಸ ಹೋಗುತ್ತಾರೆ. ಪಂಪಿನ ಕನೆಕ್ಟರು ಬಿಚ್ಚಿ ಮೀಟರು ಹಿಡಿದರೆ, ವಯರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಪೂರ್ತಿ 12 ವೋಲ್ಟು ತೋರಿಸುತ್ತದೆ! ಮೀಟರು ಕರೆಂಟನ್ನು ಎಳೆಯುವುದೇ ಇಲ್ಲವಲ್ಲ. ಪಂಪು ಓಡುತ್ತಿರುವಾಗಲೇ ಅಳೆಯಬೇಕು. ಬ್ಯಾಟರಿಯ ಪ್ಲಸ್‌ಗೆ ಒಂದು ಕಡ್ಡಿ, ಪಂಪಿನ ಪ್ಲಸ್‌ಗೆ ಇನ್ನೊಂದು ಕಡ್ಡಿ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಮೈನಸ್ ಕಡೆಯೂ ಹಾಗೆಯೇ ನೋಡಿ. ಅಲ್ಲಿ ಇನ್ನೂ ಕಡಿಮೆ ಇರಬೇಕು. ಮೀಟರು ಇಲ್ಲವೇ? ಚಾವಿ ಬಂದ್ ಮಾಡಿ, ಕನೆಕ್ಟರು ಬಿಚ್ಚಿ, ಅದಕ್ಕೆ ಹೆಡ್‌ಲೈಟಿನ 55 ವಾಟಿನ ಬಲ್ಬು ಜೋಡಿಸಿ. ಆಮೇಲೆ ಚಾವಿ ಕೊಡಿ. ಅದು ಪಂಪಿನಷ್ಟೇ ಕರೆಂಟು ಎಳೆಯುತ್ತದೆ. ಆ ಎರಡು-ಮೂರು ಸೆಕೆಂಡು ಬೆಳ್ಳಗೆ ಉರಿದರೆ ವಯರು ಸರಿ, ಕೆಂಪಗೆ ಮಿಣುಕಿದರೆ ಇಲ್ಲ.

ವಯರಿಂಗ್ ಸರಿಯಿದ್ದೂ ಗೇಜಿನಲ್ಲಿ ಒತ್ತಡ ಕಡಿಮೆ ಬಂದರೆ ಆಗ ಫಿಲ್ಟರ್, ರೆಗ್ಯುಲೇಟರ್, ಪಂಪು. ಗೇಜು ಕೂರಿಸುವ ಕೆಲಸ ಮಾತ್ರ ಬಲ್ಲವರಿಗೇ ಬಿಡಿ. ಲೈನಿನಲ್ಲಿ ಒತ್ತಡದ ಪೆಟ್ರೋಲ್ ಇರುತ್ತದೆ. ಪಂಪಿನ ಫ್ಯೂಸು ತೆಗೆದು ಇಂಜಿನ್ ತಾನಾಗಿ ಆರುವವರೆಗೆ ಓಡಿಸಿದ ಮೇಲೆಯೇ ಪೈಪಿಗೆ ಕೈ ಹಾಕಬೇಕು. ಯಾವ ಪರೀಕ್ಷೆಯೇ ಇರಲಿ, ಬಯಲಲ್ಲಿ ಮಾಡಿ, ಬೀಡಿ ದೂರವಿಡಿ. ಪೆಟ್ರೋಲಿನ ವಾಸನೆ ಬರುತ್ತಿದ್ದರೆ, ಪೈಪು ಸೋರುತ್ತಿದ್ದರೆ ಬಲ್ಬು, ಮೀಟರು ಎರಡೂ ಬೇಡ.

ಪಂಪು ನಿಜವಾಗಿ ಹಾಳಾಗುವುದೂ ಇದೆ. ಅದನ್ನು ತಂಪಾಗಿಡುವುದು ಪೆಟ್ರೋಲೇ. ನೂರು ರೂಪಾಯಿಯದು ಹಾಕಿಸಿ, ಮುಗಿದ ಮೇಲೆ ಮತ್ತೆ ನೂರರದು ಹಾಕಿಸುವವರ ಪಂಪು ಬೇಗ ಸುಡುತ್ತದೆ. ಕಾಲು ಟ್ಯಾಂಕಾದರೂ ಇರಲಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ನಾವೇ ಬೆಳೆದ ಕಬ್ಬಿನದೂ ಇದ್ದೀತು, ಬೇಡವೆನ್ನಲಾರೆ! ಆದರೆ ಅದು ನೀರನ್ನು ಎಳೆದುಕೊಳ್ಳುತ್ತದೆ. ಮುಚ್ಚಳ ಸಡಿಲವಾದ ಕ್ಯಾನಿನಲ್ಲಿ ಮಳೆಗಾಲವಿಡೀ ಇಟ್ಟ ಪೆಟ್ರೋಲನ್ನು ಗಾಡಿಗೆ ಹಾಕಬೇಡಿ.

ಹಳೆಯ ಡೀಸೆಲ್ ಗಾಡಿಯವರಿಗೆ ಈ ವಯರಿನ ಗೋಜು ಹೆಚ್ಚಿಲ್ಲ. ಫಿಲ್ಟರಿನ ಅಡಿಯ ನೀರು ಬಿಡಿ, ಗಾಳಿ ಎಳೆಯುವ ಹೋಸು ಹುಡುಕಿ, ಕೈಪಂಪು ಒತ್ತಿ ನೋಡಿ. ಹೊಸ ಕಾಮನ್‌ರೈಲ್ ಡೀಸೆಲ್ಲಿನ ಹೈಪ್ರೆಶರ್ ಪೈಪನ್ನು ಮಾತ್ರ ಸಡಿಲಿಸಲೇಬೇಡಿ. ಅದರ ಒತ್ತಡ ಸಾವಿರ ಬಾರ್ ದಾಟುತ್ತದೆ, ಚರ್ಮ ಸೀಳಿ ಒಳಹೊಗುತ್ತದೆ.

ನಮ್ಮ ಸೊಸೈಟಿಗಳು, ಸ್ವಸಹಾಯ ಸಂಘಗಳು ತೂಕದ ಯಂತ್ರ, ಸ್ಪ್ರೇಯರ್ ಇಟ್ಟುಕೊಂಡಿವೆ. ಒಂದು ಮೀಟರು, ಒಂದು ಪ್ರೆಶರ್ ಗೇಜು ಇಟ್ಟುಕೊಂಡರೆ ಊರಿಗೆಲ್ಲ ಆದೀತು. ಅಲ್ಲಿಯವರೆಗೆ, ಗಾಡಿಯನ್ನು ರಿಪೇರಿಗೆ ಬಿಡುವಾಗ ಎರಡು ಅಂಕಿ ಕೇಳಿ: ಪಂಪಿನ ಹತ್ತಿರ ವೋಲ್ಟು ಎಷ್ಟು, ಲೈನಿನಲ್ಲಿ ಒತ್ತಡ ಎಷ್ಟು. ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಪಂಪು ಬದಲಿಸಿದರೆ ಹಳೆಯದನ್ನು ಚೀಲದಲ್ಲಿ ಕಟ್ಟಿಸಿ ಮನೆಗೆ ತನ್ನಿ.