ಗಡಿಯಾರದ ಭೂಷಣವೂ ಕಾಲನಿಷ್ಠೆಯೂ

ಐರೋಪ್ಯರು ಹುಟ್ಟಿನಿಂದಲೇ ಕಾಲನಿಷ್ಠರು, ಭಾರತೀಯರು ಹುಟ್ಟಿನಿಂದಲೇ ಕಾಲದ ಬೆಲೆಯನ್ನರಿಯದವರು ಎಂಬ ಮಾತು ವಿದ್ಯಾವಂತರ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಸಭೆಯೊಂದು ಅರ್ಧ ಗಂಟೆ ತಡವಾಗಿ ಆರಂಭವಾದರೆ ಸಾಕು, ದೋಷವನ್ನು ರಕ್ತದ ಮೇಲೆ ಹೊರಿಸುವವರು ಹಲವರು. ಐದು ಶತಮಾನಗಳ ಹಿಂದೆಯೇ ಐರೋಪ್ಯನು ಗಡಿಯಾರವನ್ನು ಮೈಮೇಲೆ ಧರಿಸಿದ್ದನೆಂಬುದು ಇವರು ಮುಂದಿಡುವ ಪ್ರಮಾಣ. ಈ ಪ್ರಮಾಣವು ಪರೀಕ್ಷೆಗೆ ನಿಲ್ಲತಕ್ಕುದಲ್ಲ.

ಧರಿಸಿದ್ದನೆಂಬುದು ನಿಜ, ಆದರೆ ಯಾತಕ್ಕಾಗಿ? ೧೬ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಪೀಟರ್ ಹೆನ್‌ಲೈನನು ಚಿಕ್ಕ ಗಡಿಯಾರಗಳನ್ನು ಮಾಡಿದನು. ಅವು ೪೦ ಗಂಟೆಗಳ ಕಾಲ ನಡೆಯುವುವೆಂದೂ, ಎದೆಯ ಮೇಲಾಗಲಿ ಹಣದ ಚೀಲದಲ್ಲಾಗಲಿ ಒಯ್ಯಬಹುದೆಂದೂ ಸಮಕಾಲೀನನಾದ ಕೊಖ್ಲೇಯಸ್ ಬರೆದಿದ್ದಾನೆ. ಮುಂದೆ ಶ್ರೀಮಂತರು ಇಂಥವನ್ನು ಸರಕ್ಕೆ ಪೋಣಿಸಿ ಕೊರಳಲ್ಲಿ ಮೆರೆಸಿದರು. ಶಿಲುಬೆಯ ಆಕಾರ, ಹೂವಿನ ಆಕಾರ, ತಲೆಬುರುಡೆಯ ಆಕಾರ, ಹೀಗೆ ಬಗೆಬಗೆಯಾಗಿ ಅವು ತಯಾರಾದುವು. ೧೯೧೨ರಲ್ಲಿ ಲಂಡನ್ನಿನ ಚೀಪ್‌ಸೈಡಿನಲ್ಲಿ ನೆಲದಡಿ ದೊರೆತ ಆಭರಣಗಳ ನಿಧಿಯಲ್ಲಿ, ಒಂದೇ ದೊಡ್ಡ ಪಚ್ಚೆಯನ್ನು ಕೊರೆದು ಅದರೊಳಗೆ ಕೂರಿಸಿದ ಗಡಿಯಾರವುಂಟು. ಜಿನೀವದಲ್ಲಿ ಕಾಲ್ವಿನ್ನನ ಕಟ್ಟಳೆಗಳು ಒಡವೆಯ ಆಡಂಬರವನ್ನು ನಿಗ್ರಹಿಸಿದಾಗ ಅಕ್ಕಸಾಲಿಗರಲ್ಲಿ ಹಲವರು ಗಡಿಯಾರದ ಕೆಲಸಕ್ಕೆ ತಿರುಗಿದರು. ಒಡವೆಯು ಹೆಸರು ಬದಲಿಸಿತೇ ಹೊರತು ಆಸೆಯು ಬದಲಾಗಲಿಲ್ಲ.

ಇವುಗಳಲ್ಲಿ ಬಹುಭಾಗಕ್ಕೆ ಇದ್ದುದು ಗಂಟೆಯ ಮುಳ್ಳೊಂದೇ. ದಿನವೊಂದರಲ್ಲಿಯೇ ಬಹಳ ತಪ್ಪುವ ಯಂತ್ರಕ್ಕೆ ನಿಮಿಷದ ಮುಳ್ಳಿನಿಂದ ಏನು ಪ್ರಯೋಜನ? ಕೆಲವು ಗಡಿಯಾರಗಳಲ್ಲಿ ಪುಟ್ಟದೊಂದು ನೆರಳುಗಡಿಯಾರವನ್ನೂ ಅಳವಡಿಸಿರುತ್ತಿದ್ದರು. ಯಂತ್ರ ತಪ್ಪಿದಾಗ ಸೂರ್ಯನನ್ನು ಕೇಳಿ ತಿದ್ದಿಕೊಳ್ಳಬೇಕಾಗಿತ್ತು. ೧೬೭೫ರಲ್ಲಿ ಹಾಯ್ಗೆನ್ಸನು ತೂಗುಚಕ್ರಕ್ಕೆ ಸುರುಳಿತಂತಿಯನ್ನು ಜೋಡಿಸುವ ಬಗೆಯನ್ನು ಪ್ರಕಟಿಸಿದ ಮೇಲೆಯೇ ನಿಮಿಷದ ಮುಳ್ಳಿಗೆ ಅರ್ಥ ಬಂದಿತು. ಅಲ್ಲಿಯವರೆಗಿನ ಒಂದೂವರೆ ಶತಮಾನಕ್ಕೂ ಹೆಚ್ಚಿನ ಕಾಲ ಗಡಿಯಾರವು ಐಶ್ವರ್ಯವನ್ನು ತೋರಿಸಿತು. ವೇಳೆಯನ್ನು ಅಂದಾಜಿಗೆ ಹೇಳಿತು.

ಊರಗೋಪುರಗಳ ಗಡಿಯಾರಗಳು ಅದಕ್ಕೂ ಹಿಂದಿನವಲ್ಲವೇ ಎಂದು ಪ್ರತಿವಾದಿಗಳು ಕೇಳಬಹುದು. ಅಹುದು. ಆದರೆ ಆ ಗಂಟೆ ಬಾರಿಸಿದುದು ಇಡೀ ಊರಿಗೆ. ಅದನ್ನು ಕೇಳಿ ನಡೆಯುವುದನ್ನು ಜನರು ಕಲಿತರು. ಬ್ರಿಟನ್ನಿನಲ್ಲಿ ಊರೂರಿಗೆ ಬೇರೆಯಾಗಿದ್ದ ವೇಳೆಯನ್ನು ಒಂದುಗೂಡಿಸತೊಡಗಿದುದೂ ರೈಲು. ಗ್ರೇಟ್ ವೆಸ್ಟರ್ನ್ ರೈಲ್ವೆಯು ಲಂಡನ್ನಿನ ಕಾಲವನ್ನು ಅನುಸರಿಸಲಾರಂಭಿಸಿದುದು ೧೮೪೦ರಲ್ಲಿ.

ಆದುದರಿಂದ ಕಾಲನಿಷ್ಠೆಯು ಜನ್ಮಗುಣವಲ್ಲ, ಅಭ್ಯಾಸ. ಐರೋಪ್ಯನೂ ಅದನ್ನು ಮೆಲ್ಲಮೆಲ್ಲನೆ ಕಲಿತನು. ರಕ್ತವನ್ನು ದೂರುವವರು ತಮ್ಮ ಆಲಸ್ಯಕ್ಕೆ ಶಾಸ್ತ್ರದ ಮುಸುಕು ಹಾಕುತ್ತಾರೆ, ಅಷ್ಟೆ. ಬೆಲೆಬಾಳುವ ಗಡಿಯಾರವನ್ನು ಮಣಿಕಟ್ಟಿಗೆ ಕಟ್ಟಿ ಸಭೆಗೆ ತಡವಾಗಿ ಬರುವ ಮಹನೀಯರು ಅನುಕರಿಸುತ್ತಿರುವುದು ಹಾಯ್ಗೆನ್ಸನ ನಂತರದ ಯೂರೋಪನ್ನಲ್ಲ, ಅವನಿಗಿಂತ ಹಿಂದಿನದನ್ನು.