ಚಂದ್ರಲೋಕದ ಹಿಡಿಮಣ್ಣು

ಗಾಂಧಿ ಬಜಾರಿನ ವರ್ತಕರಿಗೆ ತೂಕ ಮತ್ತು ಬೆಲೆಯ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಮೂರು ಕಿಲೋ ಮಣ್ಣಿಗೆ ಎರಡು ಸಾವಿರ ಕೋಟಿ ರೂಪಾಯಿಯೇ ಎಂದು ಅಲ್ಲಿನ ತಕ್ಕಡಿಯ ಮುಂದೆ ಕುಳಿತವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ ಸರಿ. ದುಡಿದು ತೆರಿಗೆ ಕಟ್ಟುವವರು ಲೆಕ್ಕ ಕೇಳಲೇಬೇಕು. ಆದುದರಿಂದ ಈ ತಿಂಗಳು ಆ ಲೆಕ್ಕವನ್ನೇ ನಾವು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಚಿವ ಸಂಪುಟವು ಚಂದ್ರಯಾನ-4ಕ್ಕೆ ಒಪ್ಪಿಗೆಯಿತ್ತು 2104.06 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. ಮನುಷ್ಯರಿಲ್ಲದ ನೌಕೆಯೊಂದು ಚಂದ್ರನ ಮೇಲಿಳಿದು, ಎರಡು ಮೂರು ಕಿಲೋಗಳಷ್ಟು ಮಣ್ಣನ್ನು ತುಂಬಿಕೊಂಡು ಭೂಮಿಗೆ ಮರಳಬೇಕೆಂಬುದೇ ಈ ಯೋಜನೆಯ ಉದ್ದೇಶ. 140 ಕೋಟಿ ಜನರಿಗೆ ಹಂಚಿದರೆ ಈ ವೆಚ್ಚವು ತಲೆಗೆ ಹದಿನೈದು ರೂಪಾಯಿಯಷ್ಟಾಗುತ್ತದೆ.

ನಮ್ಮ ಸೀಮೆಯವರು ಮಣ್ಣಿನ ಬೆಲೆಯನ್ನರಿಯದವರಲ್ಲ. ಕೆಮ್ಮಣ್ಣುಗುಂಡಿಯ ಅದಿರಿನ ಬಲದಿಂದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿತು. ಅಡಿಕೆ ತೋಟದ ರೈತರು ಕೂಡ ಅಲ್ಲಲ್ಲಿ ಅಗೆದ ಮಣ್ಣನ್ನು ಬೆರೆಸಿ, ಅದರಲ್ಲಿ ಒಂದಿಷ್ಟನ್ನು ಪರೀಕ್ಷೆಗೆ ಒಯ್ಯುತ್ತಾರೆ. ಪ್ರಯೋಗಾಲಯವನ್ನೇ ತೋಟಕ್ಕೆ ಹೊತ್ತು ತರಲಾಗದಷ್ಟೆ! ಚಂದ್ರನ ಸಂಗತಿಯೂ ಹಾಗೆಯೇ. 2023ರಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ಬಂಡಿಯು ತನ್ನ ಪುಟ್ಟ ಉಪಕರಣಗಳಿಂದಲೇ ಅಲ್ಲಿನ ಮಣ್ಣಿನಲ್ಲಿ ಗಂಧಕವಿರುವುದನ್ನು ತಿಳಿಸಿತು. ಆದರೆ ಕಲ್ಲಿನ ವಯಸ್ಸನ್ನು ಕರಾರುವಾಕ್ಕಾಗಿ ಅಳೆಯುವಂತಹ ಯಂತ್ರಗಳು ಭೂಮಿಯ ಮೇಲಿನ ಪ್ರಯೋಗಾಲಯಗಳಲ್ಲಿವೆ.

ಹೋಗುವುದಕ್ಕಿಂತ ಮರಳುವುದು ಕಠಿಣವಾದ ಕಾರ್ಯ. ನೌಕೆಯ ಐದು ಭಾಗಗಳು ಎರಡು ಎಲ್‌ವಿಎಂ-3 ರಾಕೆಟ್‌ಗಳಲ್ಲಿ ಮೇಲೇರಿ ಆಕಾಶದಲ್ಲಿ ಒಂದಾಗಬೇಕು. ಚಂದ್ರನ ಮೇಲಿಳಿದ ಮೇಲೆ ಯಂತ್ರದ ತೋಳು ಮೇಲ್ಮಣ್ಣನ್ನು ಬಾಚಿಕೊಳ್ಳಬೇಕು, ಕೊರೆಯುವ ಉಪಕರಣವು ಅಡಿಯ ಮಣ್ಣನ್ನೆತ್ತಬೇಕು. ಬಳಿಕ ಒಂದು ಭಾಗವು ಅಲ್ಲಿಂದ ಹಾರಿ, ಮೇಲೆ ಸುತ್ತುತ್ತಿರುವ ನೌಕೆಯನ್ನು ಕೂಡಿ ಮಣ್ಣನ್ನೊಪ್ಪಿಸಬೇಕು. ಕಡೆಗೆ ಮಣ್ಣಿನ ಪೆಟ್ಟಿಗೆಯು ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ಭೂಮಿಯ ವಾಯುಮಂಡಲವನ್ನು ಹೊಕ್ಕು, ಆ ಉರಿಯನ್ನು ತಾಳಿ ಇಳಿಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎಲ್ಲವೂ ವ್ಯರ್ಥ. 2023ರ ಸೆಪ್ಟೆಂಬರ್ 3ರಂದು ವಿಕ್ರಮ್ ನೌಕೆಯು ಚಂದ್ರನ ನೆಲದಿಂದ ಸುಮಾರು 40 ಸೆಂಟಿಮೀಟರ್ ಮೇಲೆದ್ದು ಮತ್ತೆ ಕುಳಿತದ್ದು, 2025ರ ಜನವರಿ 16ರಂದು ನಮ್ಮ ಎರಡು ಉಪಗ್ರಹಗಳು ಬಾಹ್ಯಾಕಾಶದಲ್ಲಿ ಪರಸ್ಪರ ಜೋಡಣೆಗೊಂಡದ್ದು, ಇವೆರಡೂ ಈ ಹಾದಿಯ ಮೊದಲ ಪಾಠಗಳು.

ಈ ಸಾಹಸದಲ್ಲಿ ಮುಂದೆ ನಡೆದವರೂ ಎಡವಿದ್ದಾರೆ. 1969ರ ಜುಲೈನಲ್ಲಿ ಸೋವಿಯತ್ ದೇಶದ ಲೂನಾ-15 ಚಂದ್ರನಿಗೆ ಅಪ್ಪಳಿಸಿ ನಾಶವಾಯಿತು. ಮರುವರ್ಷ ಲೂನಾ-16 ತಂದ ಮಣ್ಣು ಕೇವಲ 101 ಗ್ರಾಂ. ಚೀನಾದ ಚಾಂಗ್-ಎ 5 ನೌಕೆಯು 2020ರಲ್ಲಿ 1731 ಗ್ರಾಂ ಮಣ್ಣನ್ನು ತಂದಿತು. 2024ರಲ್ಲಿ ಚಾಂಗ್-ಎ 6 ನಮಗೆಂದೂ ಕಾಣದ ಚಂದ್ರನ ಹಿಂಬದಿಯಿಂದಲೂ ಮಣ್ಣನ್ನು ತಂದಿತು. ನಮ್ಮ ಚಂದ್ರಯಾನ-2ರ ವಿಕ್ರಮ್ 2019ರ ಸೆಪ್ಟೆಂಬರ್ 7ರಂದು ಇಳಿಯುವಾಗ ವಿಫಲವಾಯಿತು. ನಾಲ್ಕು ವರ್ಷಗಳ ತರುವಾಯ, 2023ರ ಆಗಸ್ಟ್ 23ರಂದು, ಅದೇ ಹೆಸರಿನ ನೌಕೆಯು ಸುರಕ್ಷಿತವಾಗಿ ಇಳಿಯಿತು.

ಕನ್ನಡ ನಾಡಿಗೂ ಈ ಕಾರ್ಯದಲ್ಲಿ ದೊಡ್ಡ ಪಾಲಿದೆ. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ, ಉಳ್ಳಾರ್ತಿ ಕಾವಲಿನಲ್ಲಿ, ಚಂದ್ರನ ಕುಳಿಗಳಂತಹ ಕುಳಿಗಳನ್ನು ತೋಡಿ ಚಂದ್ರಯಾನ-2ರ ಉಪಕರಣಗಳನ್ನು ಪರೀಕ್ಷಿಸಿದರು. ತಮಿಳುನಾಡಿನ ಸೀತಂಪೂಂಡಿಯ ಕಲ್ಲನ್ನು ಪುಡಿಮಾಡಿ ಬೆಂಗಳೂರಿನಲ್ಲಿ ಚಂದ್ರನ ನೆಲವನ್ನೇ ಅಣಿಗೊಳಿಸಿದರು. ದೂರದ ನೌಕೆಗಳ ದನಿಯನ್ನು ಆಲಿಸುವ 32 ಮೀಟರ್ ಅಗಲದ ಆಂಟೆನಾ ಬೆಂಗಳೂರಿನ ಹೊರಗೆ ಬ್ಯಾಲಾಳು ಗ್ರಾಮದಲ್ಲಿದೆ.

ಇಷ್ಟಾದ ಮೇಲೆ ಬರುವ ಮಣ್ಣಿನಿಂದ ಲಾಭವೇನು? ಅಪೋಲೋ ಯಾತ್ರಿಕರು ತಂದ ಮಣ್ಣನ್ನು ವಿಜ್ಞಾನಿಗಳು ದಶಕಗಳ ಕಾಲ ಸಂಪೂರ್ಣ ಒಣಮಣ್ಣೆಂದೇ ಭಾವಿಸಿದ್ದರು. 2008ರಲ್ಲಿ ಹೊಸ ಉಪಕರಣಗಳಿಂದ ನೋಡಿದಾಗ ಅದರ ಗಾಜಿನ ಕಣಗಳೊಳಗೆ ನೀರಿನ ಸುಳಿವು ದೊರೆಯಿತು. 1972ರಲ್ಲಿ ಮುಚ್ಚಿ ತಂದ ಒಂದು ಕೊಳವೆಯನ್ನು ತೆರೆದದ್ದು 2022ರಲ್ಲಿ! ಮುಂದಿನವರ ಬಳಿ ಹೆಚ್ಚು ಸೂಕ್ಷ್ಮವಾದ ಯಂತ್ರಗಳಿರುತ್ತವೆಂದು ನಂಬಿ, ಐವತ್ತು ವರ್ಷ ಅದನ್ನು ಮುಟ್ಟದೆ ಕಾಪಾಡಿದ ಸಂಯಮ ದೊಡ್ಡದು.

ಮಕ್ಕಳಿಗಾಗಿ ತೆಂಗು ನೆಡುವ, ಬಿತ್ತನೆಯ ಬೀಜವನ್ನು ಬರಗಾಲದಲ್ಲಿಯೂ ಮುಟ್ಟದ ಮನೆತನಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಶಾಲೆಯಲ್ಲಿರುವ ನಮ್ಮ ಮಕ್ಕಳೇ ನಾಳೆ ಆ ಮಣ್ಣನ್ನು ಪರೀಕ್ಷಿಸುವವರಾಗಬಹುದು. ಮಣ್ಣಿನಲ್ಲೇನಿದೆಯೆಂದು ಅವರು ಕೇಳಿದಾಗ ಗದರಿಸದೆ, ತೋಟದ ಮಣ್ಣು ಪರೀಕ್ಷೆಗೆ ಹೋಗುವ ದಿನ ಅವರನ್ನೂ ಜೊತೆಯಲ್ಲಿ ಕರೆದೊಯ್ಯಿರಿ. ತಲೆಗೆ ಹದಿನೈದು ರೂಪಾಯಿಯ ಲೆಕ್ಕವು ನಮ್ಮ ಪಾಲಿಗೆ ಸಂದಾಯವಾಗುವುದು ಆಗಲೇ.