ಹೋಟೆಲ್ ವಿದ್ಯೆ, ಪರದೇಶದ ಉದ್ಯೋಗ ಮತ್ತು ಮನೆಯವರ ಹೊಣೆ

ಅತಿಥಿಯನ್ನು ಆದರಿಸುವುದು ನಮ್ಮ ಮನೆತನಗಳಿಗೆ ಹೊಸತಲ್ಲ. ಆದರೆ ಆ ಆದರವನ್ನೇ ಕ್ರಮವಾಗಿ ಅಭ್ಯಾಸ ಮಾಡಿ, ಪದವಿ ಪಡೆದು, ಪರದೇಶಗಳಲ್ಲಿ ಅದನ್ನೇ ಜೀವನೋಪಾಯವಾಗಿಸಿಕೊಳ್ಳುವುದು ನಮ್ಮ ಅನೇಕ ಕುಟುಂಬಗಳಿಗೆ ಈಗಲೂ ಹೊಸತಾಗಿಯೇ ಉಳಿದಿದೆ. ಮಗನೋ ಮಗಳೋ ಪಿ.ಯು.ಸಿ. ಮುಗಿಸಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆಂದಾಗ ಹಿರಿಯರ ಮನದಲ್ಲಿ ಎರಡು ಭಾವಗಳು ಒಟ್ಟಿಗೇ ಮೂಡುತ್ತವೆ. ಇಷ್ಟು ಓದಿಸಿ ಲೋಟ ತೊಳೆಯಲು ಕಳಿಸಬೇಕೆ ಎಂಬ ಸಂಕೋಚ ಒಂದು. ದುಬೈಗೆ ಹೋಗಿ ಮ್ಯಾನೇಜರ್ ಆಗಿಬಿಡುತ್ತಾನೆ ಎಂಬ ಆಸೆ ಇನ್ನೊಂದು. ಇವೆರಡರ ಮೂಲವೂ ಒಂದೇ. ಕೆಳಗಿನ ಮೆಟ್ಟಿಲನ್ನು ತುಳಿಯದೆ ಮೇಲಿನ ಮೆಟ್ಟಿಲಿಗೆ ಕಾಲಿಡಬಹುದೆಂಬ ನಂಬಿಕೆಯೇ ಆ ಮೂಲ. ಈ ವೃತ್ತಿಯಲ್ಲಿ ಅಂಥ ದಾರಿ ಇಲ್ಲ.

ಹೋಟೆಲ್ ಕೆಲಸವು ಶಾಲೆಯಲ್ಲಿ ಕಲಿಸುವ ವಿದ್ಯೆಯಾದದ್ದು 1893ರಲ್ಲಿ. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಜಾಕ್ ಚೂಮಿ ಎಂಬುವರು ಪ್ರಪಂಚದ ಮೊದಲ ಹೋಟೆಲ್ ಶಾಲೆಯನ್ನು ಆ ವರ್ಷ ತೆರೆದರು. ನಮ್ಮ ದೇಶದಲ್ಲಿ 1954ರಲ್ಲಿ ಮುಂಬಯಿಯ ದಾದರ್‌ನಲ್ಲಿ ಇಂಥ ಮೊದಲ ಸಂಸ್ಥೆ ಸ್ಥಾಪನೆಯಾಯಿತು. ಅದರ ಹಿಂದೆ ಲೀಲಾವತಿ ಮುನ್ಶಿಯವರ ಶ್ರಮವಿತ್ತು. 1982ರಲ್ಲಿ ಕೇಂದ್ರ ಸರ್ಕಾರವು ಈ ಶಿಕ್ಷಣಕ್ಕಾಗಿ ರಾಷ್ಟ್ರೀಯ ಮಂಡಳಿಯೊಂದನ್ನು ರಚಿಸಿತು. ಬೆಂಗಳೂರಿನ ಸರ್ಕಾರಿ ಸಂಸ್ಥೆಯೂ ಸೇರಿದಂತೆ ಇದರ ಅಧೀನದ ಸಂಸ್ಥೆಗಳಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳಲಾಗುತ್ತದೆ. ಮಣಿಪಾಲದ ಹೋಟೆಲ್ ಕಾಲೇಜು 1980ರ ದಶಕದಲ್ಲಿ ಆರಂಭವಾಗಿ ಹೆಸರು ಪಡೆದಿದೆ.

ಈ ಶಾಲೆಗಳಲ್ಲಿ ಮುಖ್ಯವಾಗಿ ನಾಲ್ಕು ವಿಭಾಗಗಳ ಕೆಲಸವನ್ನು ಕಲಿಸುತ್ತಾರೆ. ಅತಿಥಿಯನ್ನು ಬರಮಾಡಿಕೊಂಡು ಲೆಕ್ಕವಿಡುವ ಸ್ವಾಗತ ವಿಭಾಗ, ಕೋಣೆ ಹಾಗೂ ಬಟ್ಟೆಬರೆಗಳನ್ನು ಶುಚಿಯಾಗಿಡುವ ಹೌಸ್‌ಕೀಪಿಂಗ್, ಅಡುಗೆ ಮತ್ತು ಬಡಿಸುವ ಕೆಲಸ. ನಡುವೆ ಕೆಲವು ತಿಂಗಳು ಯಾವುದಾದರೊಂದು ಹೋಟೆಲಿನಲ್ಲಿ ಪ್ರತ್ಯಕ್ಷ ತರಬೇತಿ ಇರುತ್ತದೆ. ಪದವಿ ಕೈಗೆ ಬಂದ ಮೇಲೂ ಹೊಸಬನು ಅಡುಗೆಮನೆಗೆ ಸೇರಿದರೆ ಕೊಮ್ಮಿ ಎಂಬ ಕೆಳಹಂತದಿಂದಲೇ ಆರಂಭಿಸಬೇಕು. ಈರುಳ್ಳಿ ಹೆಚ್ಚುವುದು, ಶೀತಲಪೆಟ್ಟಿಗೆಯನ್ನು ಶುಚಿಮಾಡುವುದು, ಪದಾರ್ಥಗಳ ಉಷ್ಣತೆಯನ್ನು ಬರೆದಿಡುವುದು ಅವನ ಪಾಲಿನ ಕೆಲಸ. ಹೌಸ್‌ಕೀಪಿಂಗ್ ಸೇರಿದವನಿಗೆ ಸಾಮಾನ್ಯವಾಗಿ ಒಂದು ಪಾಳಿಯಲ್ಲಿ ಹನ್ನೆರಡರಿಂದ ಹದಿನಾರು ಕೋಣೆಗಳನ್ನು ಸಜ್ಜುಗೊಳಿಸುವ ಹೊಣೆ ಬೀಳುತ್ತದೆ. ಹಬ್ಬದ ದಿನ ಮನೆಗೆ ಬರಲಾಗದು. ಲೋಕಕ್ಕೆ ರಜೆಯಿದ್ದಾಗಲೇ ಹೋಟೆಲಿಗೆ ಹೆಚ್ಚು ದುಡಿಮೆ.

ಮೇಲೇರಿದವರ ಚರಿತ್ರೆಯೂ ಇದನ್ನೇ ಸಾರುತ್ತದೆ. ಐಷಾರಾಮಿ ಹೋಟೆಲಿಗೆ ಪರ್ಯಾಯ ಪದದಂತಾಗಿರುವ ರಿಟ್ಜ್ ಎಂಬ ಹೆಸರಿನ ಮೂಲಪುರುಷ ಸೀಸರ್ ರಿಟ್ಜ್ 1850ರಲ್ಲಿ ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರ ರೈತ ಕುಟುಂಬದಲ್ಲಿ ಹದಿಮೂರನೆಯ ಮಗುವಾಗಿ ಹುಟ್ಟಿದವರು. ಬಡಿಸುವ ಕೆಲಸದಿಂದ ಆರಂಭಿಸಿ 1898ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮ ಹೆಸರಿನ ಹೋಟೆಲನ್ನು ತೆರೆದರು. ನಮ್ಮವರೇ ಆದ ಮೋಹನ್ ಸಿಂಗ್ ಒಬೆರಾಯ್ 1922ರಲ್ಲಿ ಸಿಮ್ಲಾದ ಸೆಸಿಲ್ ಹೋಟೆಲಿನಲ್ಲಿ ತಿಂಗಳಿಗೆ 50 ರೂಪಾಯಿ ಸಂಬಳದ ಗುಮಾಸ್ತರಾಗಿದ್ದರು. ಹನ್ನೆರಡು ವರ್ಷಗಳ ನಂತರ, 1934ರಲ್ಲಿ, ಪತ್ನಿಯ ಒಡವೆಗಳನ್ನು ಅಡವಿಟ್ಟು ಅದೇ ಊರಿನ ಕ್ಲಾರ್ಕ್ಸ್ ಹೋಟೆಲನ್ನು ಕೊಂಡರು. ಇನ್ನು ಮಣಿಪಾಲದಲ್ಲಿ ಓದಿ 1991ರಲ್ಲಿ ಪದವಿ ಪಡೆದ ಅಮೃತಸರದ ವಿಕಾಸ್ ಖನ್ನಾ ಅಮೆರಿಕೆಗೆ ತೆರಳಿದಾಗ ನ್ಯೂಯಾರ್ಕಿನಲ್ಲಿ ಮೊದಲು ಮಾಡಿದ ಕೆಲಸಗಳಲ್ಲಿ ಪಾತ್ರೆ ತೊಳೆಯುವುದೂ ಒಂದು. ಅವರು ನಡೆಸಿದ ಜುನೂನ್ ಭೋಜನಶಾಲೆಗೆ 2011ರಲ್ಲಿ ಮಿಶೆಲಿನ್ ತಾರೆಯ ಗೌರವ ದೊರೆಯಿತು. ಪದವಿ ಪಡೆದು ಇಪ್ಪತ್ತು ವರ್ಷಗಳ ಮೇಲೆ ಸಂದ ಗೌರವವದು ಎಂಬುದನ್ನು ತಂದೆತಾಯಿಗಳು ಗಮನಿಸಬೇಕು.

ಬಟ್ಟೆ ಮಡಿಮಾಡಿದ ಮಾಚಯ್ಯನವರನ್ನೂ ಸೌದೆ ಹೊತ್ತ ಮೋಳಿಗೆಯ ಮಾರಯ್ಯನವರನ್ನೂ ಪೂಜ್ಯರೆಂದು ನೆನೆಯುವ ಸಮಾಜ ನಮ್ಮದು. ಅಂಥ ಸಮಾಜದಲ್ಲಿಯೇ ಮಗನು ಹೋಟೆಲಿನಲ್ಲಿ ಹಾಸಿಗೆ ಹಾಸುತ್ತಾನೆಂದು ಹೇಳಲು ನಾಚಿಕೆಪಡುವುದು ಸೋಜಿಗದ ಸಂಗತಿ. ಈ ನಾಚಿಕೆ ಕೇವಲ ಮನಸ್ಸಿನ ದೌರ್ಬಲ್ಯವಾಗಿ ನಿಲ್ಲುವುದಿಲ್ಲ. ಅದರಿಂದ ಹಣವೂ ಕೆಲವೊಮ್ಮೆ ಜೀವವೂ ಅಪಾಯಕ್ಕೆ ಸಿಕ್ಕುತ್ತದೆ. ಹೇಗೆಂದರೆ, ಬೆಂಗಳೂರಿನಲ್ಲಿ ಎರಡು ವರ್ಷ ಕೆಳಹಂತದಲ್ಲಿ ದುಡಿಯುವುದು ಮರ್ಯಾದೆಗೆ ಕಡಿಮೆ ಎಂದು ಭಾವಿಸಿದ ಮನೆಗೆ, ನೇರವಾಗಿ ಸೂಪರ್‌ವೈಸರ್ ಹುದ್ದೆ ಕೊಡಿಸುತ್ತೇನೆನ್ನುವ ದಳ್ಳಾಳಿ ಬರುತ್ತಾನೆ. ಅವನು ಮಾರುವುದು ಕೆಲಸವನ್ನಲ್ಲ, ನೆಂಟರ ಮುಂದೆ ಹೇಳಿಕೊಳ್ಳಬಹುದಾದ ಒಂದು ಬಿರುದನ್ನು. ಅದಕ್ಕಾಗಿ ಹೊಲ ಅಡವಾಗುತ್ತದೆ. ಹುಡುಗನು ಅಲ್ಲಿಗೆ ಹೋಗಿ ನೋಡಿದರೆ ಹುದ್ದೆ ಬೇರೆ, ಸಂಬಳ ಬೇರೆ. ಆದರೂ ಊರಿಗೆ ಸತ್ಯವನ್ನು ಬರೆಯಲಾರದೆ ಸುಮ್ಮನಿರುತ್ತಾನೆ. 2022ರಿಂದೀಚೆಗೆ ಥಾಯ್ಲೆಂಡಿನಲ್ಲಿ ಕೆಲಸವೆಂದು ನಂಬಿಸಿ ಭಾರತೀಯ ತರುಣರನ್ನು ಮ್ಯಾನ್ಮಾರ್ ಗಡಿಗೆ ಒಯ್ದು, ಕಂಪ್ಯೂಟರ್ ವಂಚನೆಯ ಜಾಲಗಳಲ್ಲಿ ದುಡಿಸಿದ ಪ್ರಕರಣಗಳು ಬೆಳಕಿಗೆ ಬಂದಿವೆ.

ಹಾಗಾದರೆ ನೇರವಾದ ದಾರಿಗಳು ಯಾವುವು? ಮೊದಲನೆಯದು ಮತ್ತು ಎಲ್ಲಕ್ಕಿಂತ ಭದ್ರವಾದದ್ದು, ಅನೇಕ ದೇಶಗಳಲ್ಲಿ ಶಾಖೆಗಳಿರುವ ಹೋಟೆಲ್ ಸಮೂಹವೊಂದಕ್ಕೆ ನಮ್ಮ ದೇಶದಲ್ಲಿಯೇ ಸೇರಿ, ಎರಡು ಮೂರು ವರ್ಷ ಒಳ್ಳೆಯ ಹೆಸರು ಪಡೆದು, ಅದೇ ಸಮೂಹದ ಪರದೇಶದ ಹೋಟೆಲಿಗೆ ವರ್ಗಾವಣೆ ಕೇಳುವುದು. ಇದಕ್ಕೆ ದಳ್ಳಾಳಿಯೇ ಬೇಕಿಲ್ಲ. ಎರಡನೆಯದು ಅಮೆರಿಕದ ಜೆ-1 ವೀಸಾದ ತರಬೇತಿ. ಆತಿಥ್ಯ ಕ್ಷೇತ್ರದಲ್ಲಿ ಇದರ ಗರಿಷ್ಠ ಅವಧಿ 12 ತಿಂಗಳು. ಇದು ಕಲಿಕೆಗಾಗಿಯೇ ಇರುವ ವೀಸಾ. ಅಲ್ಲಿಯೇ ನೆಲೆಸುವ ಹಾದಿಯೆಂದು ಯಾರಾದರೂ ಹೇಳಿದರೆ ನಂಬಬಾರದು. ಮೂರನೆಯದು ಪ್ರವಾಸಿ ಹಡಗುಗಳು. ಇಲ್ಲಿ ಎಸ್‌.ಟಿ.ಸಿ.ಡಬ್ಲ್ಯೂ. ಎಂಬ ಸುರಕ್ಷತಾ ತರಬೇತಿ ಅಗತ್ಯ. 2006ರಲ್ಲಿ ರೂಪುಗೊಂಡು 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸಮುದ್ರ ಕಾರ್ಮಿಕ ಒಪ್ಪಂದದಂತೆ, ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಶುಲ್ಕ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ನಾವಿಕ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ ಮುಂತಾದವುಗಳ ವೆಚ್ಚ ಮಾತ್ರ ಅವನದಾಗಬಹುದು. ದಿನದ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಸಿಗಬೇಕೆಂಬುದೂ ಅದರ ನಿಯಮ.

ನಾಲ್ಕನೆಯದು ಕೊಲ್ಲಿ ರಾಷ್ಟ್ರಗಳು. ನಮ್ಮವರು ಹೆಚ್ಚಾಗಿ ಹೋಗುವುದೂ ಮೋಸಹೋಗುವುದೂ ಇಲ್ಲಿಯೇ. ಆದ್ದರಿಂದ ಕೆಲವು ಮಾತುಗಳನ್ನು ವಿವರವಾಗಿ ಹೇಳಬೇಕಾಗಿದೆ. 1983ರ ವಲಸೆ ಕಾಯ್ದೆಯಂತೆ, ಪರದೇಶದ ಕೆಲಸಕ್ಕೆ ಜನರನ್ನು ಆರಿಸುವ ಏಜೆಂಟನು ಸರ್ಕಾರದಲ್ಲಿ ನೋಂದಾಯಿತನಾಗಿರಬೇಕು. ಅವನು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕವನ್ನು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗೆ ಮಿತಿಗೊಳಿಸಲಾಗಿದೆ. ನೋಂದಣಿ ನಿಜವೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಮನೆಯಲ್ಲಿಯೇ ಕುಳಿತು ಪರಿಶೀಲಿಸಬಹುದು. ಸಂದರ್ಶಕ ವೀಸಾದಲ್ಲಿ ಮೊದಲು ಹೋಗಲಿ, ಅಲ್ಲಿ ಬದಲಾಯಿಸೋಣ ಎನ್ನುವವನ ಮಾತಿಗೆ ಒಪ್ಪಬಾರದು.

ಕರಾರುಪತ್ರವನ್ನು ಓದುವಾಗ ಒಟ್ಟು ಸಂಬಳದ ಅಂಕಿಯನ್ನಷ್ಟೇ ನೋಡಿದರೆ ಸಾಲದು. ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಯಿಟಿಯನ್ನು ಸಾಮಾನ್ಯವಾಗಿ ಮೂಲವೇತನದ ಮೇಲೆ ಲೆಕ್ಕಹಾಕುತ್ತಾರೆ. ಮೂಲವೇತನವನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ದೊಡ್ಡದಾಗಿ ತೋರಿಸಿದ ಪತ್ರವು ನೋಡಲು ಚೆಂದ, ಕೊನೆಗೆ ನಷ್ಟ. ವಸತಿ, ಊಟ, ವಾರದ ರಜೆ, ವೈದ್ಯಕೀಯ ವಿಮೆ, ಊರಿಗೆ ಬರುವ ವಿಮಾನದ ಖರ್ಚು ಇವು ಪತ್ರದಲ್ಲಿ ಬರೆದಿರಬೇಕು, ಬಾಯಿಮಾತು ಲೆಕ್ಕಕ್ಕಿಲ್ಲ.

ಆಹಾರದ ವಿಷಯವನ್ನು ನಮ್ಮ ಮನೆಗಳು ಮುಚ್ಚಿಡದೆ ಮಾತನಾಡಬೇಕು. ಈ ವಿದ್ಯೆಯ ಪಠ್ಯದಲ್ಲಿ ಮಾಂಸದ ಅಡುಗೆಯೂ ಮದ್ಯದ ಪರಿಚಯವೂ ಇವೆ. 2016ರಲ್ಲಿ ಅಹಮದಾಬಾದ್, ಭೋಪಾಲ್ ಮತ್ತು ಜೈಪುರದ ಸರ್ಕಾರಿ ಸಂಸ್ಥೆಗಳಲ್ಲಿ ಸಸ್ಯಾಹಾರದ ಅಡುಗೆಯನ್ನಷ್ಟೇ ಕಲಿಯುವ ಆಯ್ಕೆಯನ್ನು ಆರಂಭಿಸಲಾಯಿತು. ಸೇರುವ ಸಂಸ್ಥೆಯಲ್ಲಿ ಅಂಥ ಆಯ್ಕೆ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಸ್ವಾಗತ ವಿಭಾಗ, ಹೌಸ್‌ಕೀಪಿಂಗ್, ಮಾರಾಟ, ಲೆಕ್ಕಪತ್ರ ಇವುಗಳಲ್ಲಿ ಬೆಳೆದು ಹೋಟೆಲಿನ ಮುಖ್ಯಸ್ಥರಾದವರೂ ಇದ್ದಾರೆ; ಅಡುಗೆಮನೆಯೊಂದೇ ದಾರಿಯಲ್ಲ. ತಾನು ಏನು ತಿನ್ನುವುದಿಲ್ಲ, ಏನು ಮುಟ್ಟುವುದಿಲ್ಲ ಎಂಬುದನ್ನು ವಿದ್ಯಾರ್ಥಿಯು ಸೇರುವ ಮುನ್ನವೇ ನಿಶ್ಚಯಿಸಿಕೊಂಡು ಮನೆಯವರಿಗೂ ತಿಳಿಸಲಿ. ಶುಲ್ಕ ಕಟ್ಟಿ ಎರಡು ವರ್ಷ ಕಳೆದ ಮೇಲೆ ಈ ಚರ್ಚೆ ಹುಟ್ಟಿದರೆ ಇಬ್ಬರಿಗೂ ನೋವು.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ರಾತ್ರಿ ಪಾಳಿಗೆ ವಾಹನವಿದೆಯೇ, ವಸತಿ ಎಲ್ಲಿದೆ, ದೂರು ಕೇಳುವವರು ಯಾರು ಎಂದು ವಿಚಾರಿಸುವುದು ತಂದೆತಾಯಿಗಳ ಕರ್ತವ್ಯ. ಉತ್ತರ ಸರಿಯಾಗಿದ್ದರೆ ಜನರ ಮಾತಿಗೆ ಅಂಜಿ ತಡೆಯುವುದು ಸಲ್ಲದು.

ಈ ವೃತ್ತಿಗೆ ಏರಿಳಿತಗಳೂ ಉಂಟು. 2020ರಲ್ಲಿ ಮಹಾಮಾರಿ ಬಂದಾಗ ಮೊದಲು ಬಾಗಿಲು ಮುಚ್ಚಿದವುಗಳಲ್ಲಿ ಹೋಟೆಲುಗಳೂ ಹಡಗುಗಳೂ ಇದ್ದವು. ಅಲ್ಲಿದ್ದ ನಮ್ಮ ಮಕ್ಕಳಲ್ಲಿ ಅನೇಕರು ಬರಿಗೈಯಲ್ಲಿ ಮರಳಿದರು. ಆದ್ದರಿಂದ ಹೊರದೇಶದ ಮೊದಲ ಸಂಬಳದಿಂದಲೇ ಆರು ತಿಂಗಳ ಖರ್ಚಿಗಾಗುವಷ್ಟನ್ನು ಕೂಡಿಡುವ ಅಭ್ಯಾಸ ಬೆಳೆಯಲಿ. ಊರಿನಲ್ಲಿ ಮನೆಯ ಮೇಲೆ ಮಹಡಿ ಎಬ್ಬಿಸುವ ಅವಸರ ಆಮೇಲೆ.

ಕೊನೆಯದಾಗಿ ಹಿರಿಯರಲ್ಲಿ ಒಂದು ವಿನಂತಿ. ಮಗನಿಗೆ ದೂರವಾಣಿ ಮಾಡಿದಾಗ ಎಷ್ಟು ಸಂಬಳ, ಯಾವ ಹುದ್ದೆ ಎಂದು ಕೇಳುವ ಮೊದಲು ಇಂದು ಏನು ಕೆಲಸ ಮಾಡಿದೆ, ಊಟ ಸರಿಯಾಯಿತೆ, ಪಾಸ್‌ಪೋರ್ಟ್ ನಿನ್ನ ಬಳಿಯೇ ಇದೆಯೆ ಎಂದು ಕೇಳಿರಿ. ಅವನು ಪಾತ್ರೆ ತೊಳೆದೆನೆಂದರೆ ಅದನ್ನು ನೆಂಟರಿಗೂ ಹಾಗೆಯೇ ಹೇಳಿರಿ. ಮನೆಯವರು ಸತ್ಯವನ್ನು ಕೇಳಲು ಸಿದ್ಧರಿದ್ದಾರೆಂದು ತಿಳಿದ ಮಗನು ಕಷ್ಟ ಬಂದಾಗ ಮೊದಲು ಮನೆಗೇ ತಿಳಿಸುತ್ತಾನೆ. ದೂರದ ದೇಶದಲ್ಲಿ ಅವನಿಗೆ ಅದಕ್ಕಿಂತ ದೊಡ್ಡ ರಕ್ಷಣೆಯನ್ನು ನಾವು ಕೊಡಲಾರೆವು.